ಎರಡು ಒಲೆಯ ನಾಯಿ

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಈ ಮನೆಯಲ್ಲಿ ಅಣ್ಣತಮ್ಮಂದಿರ ಜಗಳದಲ್ಲಿ ನಾಯಿ ದಪ್ಪವಾಯಿತು.

ಜಗಳದ ಮೂಲ ಒಂದು ಕುಕ್ಕರು. ಹಿರಿಸೊಸೆ ಅದನ್ನು ಒಲೆಯ ಮೇಲಿಟ್ಟು ಸ್ನಾನಕ್ಕೆ ಹೋಗಿದ್ದಳು. ಕಿರಿಸೊಸೆ ಅಲ್ಲೇ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಳು. ಕುಕ್ಕರು ಸೀದು ಕರಕಲಾಯಿತು.

"ಮೂಗಿನ ಮುಂದೇನೇ ಸೀದುಹೋಗ್ತಿದ್ರೂ ಆಫ್ ಮಾಡೋಕಾಗ್ಲಿಲ್ವಾ?" ಎಂದಳು ದೊಡ್ಡವಳು.

"ಇಟ್ಟೋರು ನೋಡ್ಕೋಬೇಕು. ನಾನೇನು ಈ ಮನೆ ಕಾವಲಿಗಿದೀನಾ?" ಎಂದಳು ಚಿಕ್ಕವಳು.

ಅಷ್ಟಕ್ಕೇ ನಿಂತಿದ್ದರೆ ಹೊಸ ಕುಕ್ಕರು ತಂದು ಮುಗಿಸಬಹುದಿತ್ತು. ಸಂಜೆ ಗಂಡಂದಿರು ಬಂದರು, ಅವರವರ ಹೆಂಡತಿಯ ಕಡೆ ನಿಂತರು, ಮದುವೆಗೆ ಮುಂಚಿನ ಲೆಕ್ಕಗಳೆಲ್ಲ ಹೊರಬಂದವು. ಹಿರಿಯವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು, ಕಿರಿಯವನು ಲಿಫ್ಟ್ ರಿಪೇರಿಯವನು. ಒಬ್ಬ ದಿನವಿಡೀ ಕೂತು ಕೆಲಸ ಮಾಡುತ್ತಾನೆ, ಇನ್ನೊಬ್ಬ ದಿನವಿಡೀ ನಿಂತು. ಯಾರಿಗೆ ಹೆಚ್ಚು ದಣಿವು ಎಂಬುದು ಆವತ್ತು ತೀರ್ಮಾನವಾಗಲಿಲ್ಲ. ವಾರದೊಳಗೆ ಹಿಂದಿನ ಸಾಮಾನು ಕೋಣೆಯಲ್ಲಿ ಇನ್ನೊಂದು ಒಲೆ ಹತ್ತಿತು. ಮುಂದಿನ ಅಡುಗೆಮನೆ ಹಿರಿಯವನಿಗೆ, ಹಿಂದಿನದು ಕಿರಿಯವನಿಗೆ, ನಡುವೆ ಒಂದು ಪ್ಯಾಸೇಜು. ತಟ್ಟೆ, ಲೋಟ, ಕುರ್ಚಿ, ಬಕೆಟ್ಟು, ಬಟ್ಟೆ ಒಣಗಿಸುವ ಕ್ಲಿಪ್ಪು ಕೂಡ ಹಂಚಿಕೆಯಾದವು. ಹಂಚಲು ಬಾರದೆ ಉಳಿದದ್ದು ಎರಡೇ: ಅಮ್ಮ ಮತ್ತು ನಾಯಿ.

ಅಮ್ಮನಿಗೆ ಪಾಳಿ ಮಾಡಿದರು. ಒಂದು ವಾರ ಮುಂದಿನ ಒಲೆ, ಒಂದು ವಾರ ಹಿಂದಿನ ಒಲೆ. ನಾಯಿಗೆ ಯಾರೂ ಪಾಳಿ ಮಾಡಲಿಲ್ಲ, ಅದು ಎರಡೂ ಕಡೆ ಉಂಡಿತು. ದೊರೆ ಎಂದು ಅದರ ಹೆಸರು. ಮರಿಯಾಗಿದ್ದಾಗ ಯಾರೋ ತಮಾಷೆಗೆ ಇಟ್ಟ ಹೆಸರು ಈಗ ಸರಿಯಾಗಿ ಹೊಂದಿತು. ಮುಂದಿನ ಮನೆಯಲ್ಲಿ ಅನ್ನ ಮುಗಿಸಿ, ಬಾಯಿ ಒರೆಸಿಕೊಂಡವನ ಹಾಗೆ ಪ್ಯಾಸೇಜಿನಲ್ಲಿ ನಡೆದು, ಹಿಂದಿನ ಮನೆಯ ಬಾಗಿಲಲ್ಲಿ ಹೊಸದಾಗಿ ಹಸಿದು ನಿಲ್ಲುತ್ತಿತ್ತು. ಅವರು ಹಾಕಿದ್ದಾರೆಯೇ ಎಂದು ಇವರು ಕೇಳುವುದು ಹೇಗೆ? ಮಾತೇ ಇಲ್ಲವಲ್ಲ.

"ಈ ಮನೇಲಿ ಹುಟ್ಟೋದಾದ್ರೆ ನಾಯಾಗಿ ಹುಟ್ಬೇಕು. ನಂಗೆ ಒಂದು ಮನೆ ಊಟ, ಇವನಿಗೆ ಎರಡು ಮನೆ" ಎನ್ನುತ್ತಿದ್ದಳು ಅಜ್ಜಿ, ಮೊಮ್ಮಗಳ ಹತ್ತಿರ.

ಮೊಮ್ಮಗಳು ಹಿರಿಯವನ ಮಗಳು, ಕಾಲೇಜಿಗೆ ಹೋಗುವವಳು. "ಹೇಳ್ಬಾರ್ದಾ ಅಜ್ಜಿ ಅವರಿಗೆ? ಎರಡು ಸಲ ತಿಂತಾನೆ ಅಂತ?"

"ಈ ಒಲೆ ಮಾತು ಆ ಒಲೆಗೆ ನಾನು ಒಯ್ಯಲ್ಲ."

ಇದು ಅಜ್ಜಿಯ ಹಳೆಯ ಹಟ. ಫೋನು ತಿರುಗಿಸಿದರೆ ನೇರವಾಗಿ ಹೋಗದಿದ್ದ ಕಾಲದಲ್ಲಿ ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಒಂದು ರಂಧ್ರದಿಂದ ಇನ್ನೊಂದಕ್ಕೆ ವೈರು ಚುಚ್ಚಿ, ಇಡೀ ಊರಿನ ಮದುವೆ, ಮೋಸ, ಸಾವು ಎಲ್ಲವನ್ನೂ ಕೇಳಿಸಿಕೊಂಡವಳು. ಕೇಳಿಸಿಕೊಂಡದ್ದನ್ನು ಹೊರಗೆ ಹೇಳಿದರೆ ಕೆಲಸ ಹೋಗುತ್ತಿತ್ತು. ಅವಳು ಹೇಳಲಿಲ್ಲ. ಸ್ವಂತ ನಾದಿನಿಯ ಗಂಡ ಬೇರೆ ಹೆಂಗಸಿಗೆ ಮಾಡುತ್ತಿದ್ದ ಫೋನಿಗೂ ಇವಳೇ ಲೈನು ಕೊಟ್ಟಿದ್ದಳು, ನಾದಿನಿಗೆ ಹೇಳಲಿಲ್ಲ. ಅದನ್ನು ದೊಡ್ಡ ಗುಣ ಎಂದು ಅವಳೂ ತಿಳಿದಿದ್ದಳು, ಉಳಿದವರೂ ಹೊಗಳಿದ್ದರು. ಈಗ ಮಕ್ಕಳು ಬೇರೆಯಾದಾಗ ಅದೇ ಗುಣವನ್ನು ಮತ್ತೆ ಹೊರಗೆ ತೆಗೆದಳು. ನಡುವೆ ಇರುವವರು ಬಾಯಿ ಬಿಟ್ಟರೆ ಬೆಂಕಿಗೆ ಎಣ್ಣೆ ಹೊಯ್ದಂತೆ ಎಂದು ಅವಳಿಗೆ ಗೊತ್ತಿತ್ತು.

ಮೊದಲು ಕುಂಟು ಕಾಣಿಸಿದ್ದು ಬೆಳಗಿನ ಹೊತ್ತು. ಏಳುವಾಗ ದೊರೆಯ ಬಲಗಡೆಯ ಹಿಂಗಾಲು ಒಂದು ಕ್ಷಣ ಗಾಳಿಯಲ್ಲಿ ನಿಲ್ಲುತ್ತಿತ್ತು. ಸ್ವಲ್ಪ ಓಡಾಡಿದ ಮೇಲೆ ಸರಿಹೋಗುತ್ತಿತ್ತು. ಮುಳ್ಳು ಚುಚ್ಚಿದೆ ಎಂದುಕೊಂಡರು. ಪಾದ ತಿರುಗಿಸಿ ತಿರುಗಿಸಿ ನೋಡಿದರು, ಮುಳ್ಳು ಇರಲಿಲ್ಲ. ಆಮೇಲೆ ಓಡಾಡಿದರೂ ಸರಿಹೋಗದಾಯಿತು. ಮೆಟ್ಟಿಲ ಹತ್ತಿರ ನಿಂತು ಯೋಚನೆ ಮಾಡುವುದು ಕಲಿಯಿತು. ನುಣುಪು ನೆಲದ ಮೇಲೆ ಹಿಂದಿನ ಎರಡು ಕಾಲೂ ಬೇರೆ ಬೇರೆ ದಿಕ್ಕಿಗೆ ಜಾರುತ್ತಿದ್ದವು, ಮನೆಯ ಯಜಮಾನರ ಹಾಗೆ.

ಹಿರಿಯವನು ಅಂಗಡಿಗೆ ಅರ್ಧ ದಿನ ರಜೆ ಹಾಕಿ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋದ. ಎಕ್ಸ್‌ರೇ ತೆಗೆದರು. ಸೊಂಟದ ಕೀಲು ಸವೆದಿದೆ ಎಂದರು ಡಾಕ್ಟರು.

"ವಯಸ್ಸಾಯ್ತಲ್ಲ, ಜೊತೆಗೆ ತೂಕ. ಎಷ್ಟು ತಿನ್ನುತ್ತೆ?"

"ಹೊತ್ತಿಗೊಂದು ತಟ್ಟೆ ಅಷ್ಟೆ ಡಾಕ್ಟ್ರೇ. ಅದಕ್ಕಿಂತ ಒಂದು ಅಗುಳು ಹೆಚ್ಚು ಹಾಕಲ್ಲ" ಎಂದ ಹಿರಿಯವನು. ತನ್ನ ಒಲೆಯ ಮಟ್ಟಿಗೆ ಅದು ನಿಜವಾಗಿತ್ತು.

ಅರ್ಧ ತಟ್ಟೆ ಮಾಡಿ ಎಂದರು ಡಾಕ್ಟರು. ದಿನಕ್ಕೊಂದು ನೋವಿನ ಮಾತ್ರೆ ಬರೆದರು, ಊಟವಾದ ಮೇಲೆ ಕೊಡಬೇಕು. ಹಿರಿಸೊಸೆ ಮಾತ್ರೆಯನ್ನು ಬ್ರೆಡ್ಡಿನ ಮೆತ್ತನೆ ಭಾಗದಲ್ಲಿ ಹುದುಗಿಸಿ ಕೊಟ್ಟಳು. ಅದು ಅಜ್ಜಿಯ ಮುಂದಿನ ಒಲೆಯ ವಾರ. ಎದುರಿಗೇ ಕೂತು ಟೀ ಕುಡಿಯುತ್ತಾ ನೋಡಿದಳು. ಬಿಳಿ ಮಾತ್ರೆ.

ಅರ್ಧ ತಟ್ಟೆಯಲ್ಲಿ ಎದ್ದ ದೊರೆ ಹಿಂದಿನ ಮನೆಯ ಬಾಗಿಲಲ್ಲಿ ಮೊದಲಿಗಿಂತ ಜಾಸ್ತಿ ಹೊತ್ತು ನಿಂತಿತು. ಕಿರಿಸೊಸೆಗೆ ಕರುಳು ಚುರ್ ಎಂದಿತು. ಅವಳು ಒಂದು ಆಸ್ಪತ್ರೆಯ ಕೌಂಟರಿನಲ್ಲಿ ಟೋಕನ್ ಕೊಡುವವಳು, ನರಳುವವರನ್ನು ನೋಡಿ ನೋಡಿ ಅಭ್ಯಾಸವಾಗಿದ್ದವಳು. ನಾಯಿಯ ಮುಂದೆ ಆ ಅಭ್ಯಾಸ ಕೆಲಸಕ್ಕೆ ಬರಲಿಲ್ಲ.

"ಪಾಪ, ಹೊಟ್ಟೆಗೂ ಹಾಕ್ತಿಲ್ಲ, ಕಾಲಿಗೂ ತೋರಿಸ್ತಿಲ್ಲ. ನೋಡ್ಕೊಳ್ಳೋ ಲಕ್ಷಣ ನೋಡಿ" ಎಂದಳು ಗಂಡನ ಹತ್ತಿರ, ಪ್ಯಾಸೇಜಿಗೆ ಕೇಳುವಷ್ಟು ಗಟ್ಟಿಯಾಗಿ ಅಲ್ಲ, ಕೇಳದಷ್ಟು ಮೆತ್ತಗೂ ಅಲ್ಲ.

ಕಿರಿಯವನು ಕಂಪನಿಯ ವ್ಯಾನಿನಲ್ಲಿ ನಾಯಿಯನ್ನು ಇನ್ನೊಂದು ಕ್ಲಿನಿಕ್ಕಿಗೆ ಒಯ್ದ. ಹೆಂಡತಿಯೂ ಹೋದಳು.

"ಬೇರೆ ಏನಾದ್ರೂ ಮಾತ್ರೆ ಕೊಡ್ತಿದೀರಾ?" ಎಂದು ಕೇಳಿದರು ಅಲ್ಲಿಯ ಡಾಕ್ಟರು.

"ಯಾರೂ ಏನೂ ಕೊಟ್ಟಿಲ್ಲ ಡಾಕ್ಟ್ರೇ. ಮನೇಲಿ ಯಾರಿಗೂ ಅದರ ಚಿಂತೆ ಇಲ್ಲ" ಎಂದಳು ಅವಳು.

ಇವರು ಗುಲಾಬಿ ಮಾತ್ರೆ ಬರೆದರು. ಬೇಯಿಸಿದ ಮೊಟ್ಟೆಯ ಹಳದಿಯ ನಡುವೆ ಇಟ್ಟು ಕೊಟ್ಟಳು ಕಿರಿಸೊಸೆ. ಅಷ್ಟರಲ್ಲಿ ಅಜ್ಜಿಯ ಪಾಳಿ ಹಿಂದಿನ ಒಲೆಗೆ ಬಂದಿತ್ತು. ಅಲ್ಲಿಯೂ ಎದುರಿಗೇ ಕೂತು ನೋಡಿದಳು. ಏನಿದು ಎಂದು ಕೇಳಬೇಕೆನಿಸಿತು. ಕೇಳಿದರೆ, ಅಲ್ಲೂ ಒಂದು ಕೊಡ್ತಾಳೆ ಎಂದು ಹೇಳಬೇಕಾಗುತ್ತದೆ. ಹೇಳಿದರೆ, ಹಾಗಾದರೆ ನಮಗೆ ಯಾಕೆ ತಿಳಿಸಲಿಲ್ಲ ಎಂದು ಇವಳು ಕೂಗುತ್ತಾಳೆ. ಅದಕ್ಕೆ ದೊಡ್ಡವಳು ಜಗಳಕ್ಕೆ ಬರುತ್ತಾಳೆ. ಬಿಳಿಯದು ನೋವಿಗೆ, ಗುಲಾಬಿಯದು ಶಕ್ತಿಗೆ ಇರಬಹುದು ಎಂದು ಅಜ್ಜಿ ತಾನೇ ಸಮಾಧಾನ ಹೇಳಿಕೊಂಡಳು.

ನಾಲ್ಕಾರು ದಿನದಲ್ಲಿ ದೊರೆ ಓಡಿತು. ನಿಜವಾಗಿ ಓಡಿತು, ಗೇಟಿನವರೆಗೆ, ಪೇಪರಿನವನ ಸೈಕಲ್ಲಿನ ಹಿಂದೆ.

"ನೋಡಿದ್ರಾ ಅತ್ತೆ, ನಮ್ಮ ಡಾಕ್ಟ್ರ ಕೈಗುಣ!" ಎಂದಳು ಹಿರಿಸೊಸೆ ಮುಂದಿನ ಕಿಟಕಿಯಲ್ಲಿ ನಿಂತು.

"ನಮ್ಮ ಡಾಕ್ಟ್ರು ಕೈಯಿಟ್ರೆ ಹಾಗೆ ಅತ್ತೆ" ಎಂದಳು ಕಿರಿಸೊಸೆ, ಸಂಜೆ ಕೆಲಸದಿಂದ ಬಂದು.

ಅಜ್ಜಿ ಎರಡೂ ಕಡೆ "ಹೂಂ" ಎಂದಳು. ಅವಳಿಗೂ ಖುಷಿಯಾಗಿತ್ತು. ಸುಮ್ಮನಿದ್ದದ್ದೇ ಒಳ್ಳೆಯದಾಯಿತು ಎಂದುಕೊಂಡಳು.

ಆ ಖುಷಿ ಎರಡು ವಾರ ನಡೆಯಿತು. ಆಮೇಲೆ ದೊರೆ ಮುಂದಿನ ಮನೆಯ ತಟ್ಟೆ ಮೂಸಿ ಬಿಟ್ಟಿತು. ಹಿಂದೆ ತಿಂದಿರಬೇಕು ಎಂದುಕೊಂಡಳು ದೊಡ್ಡವಳು. ಹಿಂದಿನ ಮನೆಯ ತಟ್ಟೆಯನ್ನೂ ಮೂಸಿ ಬಿಟ್ಟಿತು. ಮುಂದೆ ತಿಂದಿರಬೇಕು ಎಂದುಕೊಂಡಳು ಚಿಕ್ಕವಳು. ಮಾತ್ರೆಯನ್ನು ಮಾತ್ರ ಇಬ್ಬರೂ ಬಾಯಿ ಬಿಡಿಸಿ ನುಂಗಿಸಿದರು, ಖಾಲಿ ಹೊಟ್ಟೆಗೆ. ಒಂದು ಮಧ್ಯಾಹ್ನ ಮೊಮ್ಮಗಳು ಕಾಲೇಜಿನಿಂದ ಬಂದಾಗ ನಾಯಿ ಪ್ಯಾಸೇಜಿನಲ್ಲಿ ಅಡ್ಡಾಗಿತ್ತು. ಪಕ್ಕದಲ್ಲಿ ವಾಂತಿ, ಬಾಲದ ಕೆಳಗೆ ಟಾರಿನಂಥ ಕಪ್ಪು ಮಲ. ಒಸಡು ಬಿಳಿಚಿತ್ತು.

ಅವಳೇ ಆಟೋ ತಂದಳು. ಅಜ್ಜಿಯೂ ಹತ್ತಿದಳು, ಹತ್ತಿರವಿದ್ದ ಮೂರನೆಯ ಒಂದು ಕ್ಲಿನಿಕ್ಕಿಗೆ ಹೋದರು. ಮೊಮ್ಮಗಳು ಅಪ್ಪನಿಗೆ ಫೋನು ಮಾಡಿದಳು, ಚಿಕ್ಕಪ್ಪನಿಗೂ ಮಾಡಿದಳು. ಇಬ್ಬರೂ ಹೆಂಡತಿಯರೊಂದಿಗೆ ಬಂದರು. ಚಿಕ್ಕ ಕೋಣೆಯಲ್ಲಿ ನಾಯಿಗೆ ಡ್ರಿಪ್ ಹಾಕಿದ ಮೇಜಿನ ಆಚೆ ಇಬ್ಬರು, ಈಚೆ ಇಬ್ಬರು ನಿಂತರು.

"ಏನೇನು ಕೊಟ್ಟಿದೀರಿ?" ಎಂದರು ಡಾಕ್ಟರು.

ದೊಡ್ಡವಳು ಕೈಚೀಲದಿಂದ ಬಿಳಿ ಮಾತ್ರೆಯ ಹಾಳೆ ತೆಗೆದಿಟ್ಟಳು. ಚಿಕ್ಕವಳು ಅದನ್ನು ನೋಡಿದಳು. ತನ್ನದನ್ನು ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು. ಎರಡೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಬಿದ್ದವು.

"ಎರಡೂ ನೋವಿನದೇ. ಒಟ್ಟಿಗೆ ಕೊಡೋ ಹಾಗೇ ಇಲ್ಲ. ಹೊಟ್ಟೆ ಹುಣ್ಣಾಗಿ ರಕ್ತ ಹೋಗಿದೆ, ಕಿಡ್ನಿಗೂ ಪೆಟ್ಟು ಬಿದ್ದಿದೆ" ಎಂದರು ಡಾಕ್ಟರು. ಸಿಟ್ಟಿರಲಿಲ್ಲ ಅವರ ಮಾತಿನಲ್ಲಿ. ಇಂಥವರನ್ನು ದಿನಾ ನೋಡುವವರ ಧ್ವನಿ ಅದು. "ಬದುಕಿದ್ರೂ ಇನ್ಮೇಲೆ ನೋವಿನ ಮಾತ್ರೆ ಇಲ್ಲ ಇವನಿಗೆ. ಯಾವುದೂ ಇಲ್ಲ. ಒಂದೇ ಮನೇಲಿದೀರಿ ತಾನೆ ನೀವು?"

ಸೊಸೆಯಂದಿರು ತಮ್ಮ ತಮ್ಮ ಹಾಳೆ ಎತ್ತಿ ಚೀಲಕ್ಕೆ ಹಾಕಿಕೊಂಡರು.

ಹೊರಗೆ ಬೆಂಚಿನ ಮೇಲೆ ಮೊಮ್ಮಗಳು ಅಜ್ಜಿಯ ಪಕ್ಕ ಕೂತಳು. "ಅಜ್ಜಿ, ಎರಡು ಕಡೆನೂ ಊಟ ಮಾಡೋಳು ನೀನು. ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ?"

"ಆ ಒಲೆ ಮಾತು..."

"ಕೇಳಿದ್ದು ಹೇಳ್ಬಾರ್ದು, ಸರಿ. ಲೈನಾದ್ರೂ ಕೊಡ್ಬೇಕಿತ್ತಲ್ಲ ಅಜ್ಜಿ? ನಿನ್ನ ಕೆಲಸ ಅದೇ ಆಗಿತ್ತು ತಾನೆ?"

ಅಜ್ಜಿ ಎದುರಿನ ಗೋಡೆ ನೋಡಿದಳು. ಹುಚ್ಚುನಾಯಿ ಕಡಿತದ ಬಗ್ಗೆ ಒಂದು ಪೋಸ್ಟರು ಅಂಟಿಸಿದ್ದರು. ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು, ಮತ್ತೊಮ್ಮೆ ಓದಿದಳು. ಅಳು ಬರಬೇಕಿತ್ತು, ಬರಲಿಲ್ಲ. ಏನೂ ಅನ್ನಿಸುತ್ತಿಲ್ಲವಲ್ಲ ಎಂದು ಮಾತ್ರ ಅನ್ನಿಸಿತು.

ದೊರೆ ಬದುಕಿತು. ಕೆಲವು ದಿನದ ನಂತರ ಮನೆಗೆ ತಂದು ಪ್ಯಾಸೇಜಿನಲ್ಲಿ ಹಳೆಯ ಕಂಬಳಿಯ ಮೇಲೆ ಮಲಗಿಸಿದರು. ತಾನಾಗಿ ಏಳಲು ಆಗುತ್ತಿರಲಿಲ್ಲ. ಹೊಟ್ಟೆಯ ಕೆಳಗೆ ಟವೆಲ್ಲು ಹಾಕಿ ಯಾರಾದರೂ ಎತ್ತಬೇಕು. ಎತ್ತುವಾಗ ಕುಂಯ್ ಎನ್ನುತ್ತಿತ್ತು. ಬೆಳಗ್ಗೆ ಹಿರಿಯವನು, ಸಂಜೆ ಕಿರಿಯವನು ಎತ್ತಿದರು. ಅದಕ್ಕೂ ಮಾತು ಬೇಕಾಗಲಿಲ್ಲ.

ಒಂದು ಭಾನುವಾರ ಇಬ್ಬರೂ ಒಂದೇ ಹೊತ್ತಿಗೆ ಟವೆಲ್ಲು ಹಿಡಿದು ಬಂದರು.

"ಮಾತ್ರೆ ಕೊಡೋ ಹಾಗಿಲ್ಲ. ಮಾತ್ರೆ ಇಲ್ದೆ ನೋವು ಕಮ್ಮಿ ಆಗಲ್ಲ" ಎಂದ ಹಿರಿಯವನು ಗೋಡೆಗೆ. "ಹೀಗೆ ನರಳಿಸೋ ಬದಲು..."

"ಇಂಜೆಕ್ಷನ್ ಕೊಡ್ಸೋದೇ ವಾಸಿ" ಎಂದ ಕಿರಿಯವನು ನೆಲಕ್ಕೆ.

"ನಂಗೂ ಹಾಗೇ ಅನ್ಸುತ್ತೆ."

ಕುಕ್ಕರು ಸೀದ ದಿನದಿಂದ ಅಣ್ಣತಮ್ಮಂದಿರು ಒಪ್ಪಿದ್ದು ಅದೊಂದೇ ಮಾತು. ಸೊಸೆಯಂದಿರು ತಮ್ಮ ತಮ್ಮ ಬಾಗಿಲಲ್ಲಿ ನಿಂತಿದ್ದರು. ಬೇಡ ಎನ್ನಲಿಲ್ಲ. ದೊಡ್ಡವಳ ಕಣ್ಣು ಕೆಂಪಾಗಿತ್ತು, ಚಿಕ್ಕವಳು ಉಗುರು ಕಚ್ಚುತ್ತಿದ್ದಳು.

ಅಜ್ಜಿ ಪ್ಯಾಸೇಜಿನ ಕುರ್ಚಿಯಲ್ಲಿ ಅವರೆಕಾಳು ಬಿಡಿಸುತ್ತಿದ್ದಳು. ತಟ್ಟೆ ಕೆಳಗಿಟ್ಟಳು.

"ನಂಗೆ ಗೊತ್ತಿತ್ತು" ಎಂದಳು.

"ಏನಮ್ಮ?"

"ಎರಡು ಮಾತ್ರೆ ಹೋಗ್ತಿದೆ ಅಂತ. ಎರಡು ಊಟ ಹೋಗ್ತಿದೆ ಅಂತಾನೂ. ಬ್ರೆಡ್ಡಿನಲ್ಲಿ ಬಿಳೀದು, ಮೊಟ್ಟೇಲಿ ಗುಲಾಬೀದು. ನಾನು ನೋಡಿದೀನಿ. ನೋಡಿ ಸುಮ್ಮನಿದ್ದೆ."

ಹಿರಿಯವನು ಏನೂ ತಿಳಿಯದವನ ಹಾಗೆ ನಿಂತ. ಕಿರಿಯವನಿಗೆ ಸಿಟ್ಟು ಬಂತು. "ಹೇಳೋಕೇನಾಗಿತ್ತಮ್ಮ ನಿಂಗೆ?"

"ಹೇಳಿದ್ರೆ ಚಾಡಿ ಹೇಳಿದ್ಲು ಅಂತ ನೀನೇ ಕೂಗಾಡ್ತಿದ್ದೆ. ಈಗ ಹೇಳ್ತಿದೀನಲ್ಲ, ಕೇಳು. ಕೊಂದ್ರೆ ಅವನನ್ನ ನಾವು ಐದು ಜನ ಸೇರಿ ಕೊಂದಂಗೆ. ಅದ್ರಲ್ಲಿ ನಂದೇ ದೊಡ್ಡ ಪಾಲು. ನಾನು ಒಪ್ಪಲ್ಲ."

"ಒಪ್ಪಲ್ಲ ಅಂದ್ರೆ ನೋವು ಹೋಗುತ್ತಾ ಅತ್ತೆ?" ಎಂದಳು ದೊಡ್ಡವಳು.

"ಹೋಗಲ್ಲ. ಡಾಕ್ಟ್ರು ಏನಂದ್ರು? ತೂಕ ಇಳಿದ್ರೆ ಕೀಲಿನ ಮೇಲೆ ಭಾರ ಕಮ್ಮಿ ಆಗುತ್ತೆ ಅಂದ್ರು. ಒಂದೇ ಕೈ ಊಟ ಹಾಕಬೇಕು ಅಂದ್ರು. ತಿಂಗಳಾದ್ರೂ ತಾನಾಗಿ ಏಳದಿದ್ರೆ ಆಗ ಯೋಚನೆ ಮಾಡಿ ಅಂದ್ರು. ತಿಂಗಳು ಆಯ್ತಾ?"

"ಒಂದೇ ಕೈ ಅಂದ್ರೆ ಯಾರ ಕೈ?" ಎಂದಳು ಚಿಕ್ಕವಳು. ಮುಂದಿನ ಬಾಗಿಲಿನ ಕಡೆ ನೋಡಿದಳು. ಮುಂದಿನ ಬಾಗಿಲು ಅವಳ ಕಡೆ ನೋಡಿತು. ಅಲ್ಲಿಗೆ ಮತ್ತೆ ಹಳೆಯ ಜಾಗಕ್ಕೇ ಬಂದು ನಿಂತಿತ್ತು ಮನೆ.

"ನನ್ನ ಕೈ" ಎಂದಳು ಅಜ್ಜಿ.

"ನಿನ್ನದು ಪಾಳಿ ಅಲ್ವೇನಮ್ಮ? ಒಂದು ವಾರ ಅಲ್ಲಿ, ಒಂದು ವಾರ ಇಲ್ಲಿ. ಅವನ ಊಟ ಎಲ್ಲಿ ಮಾಡ್ತೀಯ?" ಎಂದ ಕಿರಿಯವನು.

"ಇಲ್ಲಿ."

ಮರುದಿನ ಮೊಮ್ಮಗಳ ಜೊತೆ ಹೋಗಿ ಒಂದು ಬರ್ನರಿನ ಕರೆಂಟು ಒಲೆ ತಂದಳು. ಪ್ಯಾಸೇಜಿನಲ್ಲಿ, ಕಂಬಳಿಯಿಂದ ಎರಡು ಹೆಜ್ಜೆ ದೂರ, ಸ್ಟೂಲಿನ ಮೇಲೆ ಇಟ್ಟಳು. ಒಂದು ಪಾತ್ರೆ, ಒಂದು ಸೌಟು. ಹೀಗೆ ಎರಡು ಒಲೆಯ ಮನೆಯಲ್ಲಿ ಮೂರು ಒಲೆಯಾಯಿತು.

"ಜನ ಏನಂತಾರೆ ಅಮ್ಮ? ಇಬ್ಬರು ಗಂಡುಮಕ್ಕಳಿದ್ದೂ ತಾಯಿ ಬೇರೆ ಬೇಯಿಸ್ಕೊಂಡ್ಳು ಅಂತಾರೆ" ಎಂದ ಹಿರಿಯವನು. ಅವನ ಮುಖ ಸಣ್ಣದಾಗಿತ್ತು.

"ಹಾಗೇ ಅನ್ಲಿ. ಸುಳ್ಳೇನಲ್ವಲ್ಲ."

ಅಜ್ಜಿ ತಾನು ಉಣ್ಣುವುದನ್ನೇ ಉಪ್ಪು ಹಾಕುವ ಮೊದಲು ನಾಯಿಗೆ ತೆಗೆದಿಟ್ಟಳು. ಒಂದು ಬಟ್ಟಲು, ಅಷ್ಟೇ. ಊಟವಾದ ಮೇಲೆ ಬಿಸಿನೀರಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಸೊಂಟದ ಮೇಲೆ ಹಾಕಿ ಒತ್ತಿದಳು. ಪ್ಯಾಸೇಜಿನ ಉದ್ದಕ್ಕೂ ಕಾಲು ಜಾರದಂತೆ ರಬ್ಬರಿನ ಚಾಪೆ ಬಂತು. ಅದನ್ನು ಕಿರಿಯವನು ತಂದು ಏನೂ ಹೇಳದೆ ಹಾಸಿಹೋದ. ದೊರೆ ಮೊದಲ ವಾರವೆಲ್ಲ ಎರಡು ಬಾಗಿಲುಗಳನ್ನೂ ನೋಡುತ್ತಾ ಊಳಿಟ್ಟಿತು. ಆಮೇಲೆ ಸುಮ್ಮನಾಯಿತು. ತೂಕ ಇಳಿಯುತ್ತಿತ್ತು, ಪಕ್ಕೆಯ ಮೇಲೆ ಕೈಯಾಡಿಸಿದರೆ ಎಲುಬು ಸಿಗುತ್ತಿತ್ತು. ಏಳುತ್ತಿರಲಿಲ್ಲ. ಟವೆಲ್ಲು ಹಾಕಿಯೇ ಎತ್ತಬೇಕಿತ್ತು. ಮನೆಯಲ್ಲಿ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋದರು, ಬಂದರು, ಉಂಡರು. ಯಾರೂ ಕ್ಯಾಲೆಂಡರಿನ ಮಾತು ಎತ್ತಲಿಲ್ಲ, ಎಲ್ಲರೂ ಅದನ್ನು ನೋಡಿಕೊಂಡೇ ಓಡಾಡಿದರು.

ಕದ್ದು ಕೊಡುವ ಚಟ ಸೊಸೆಯಂದಿರಿಗೆ ಬೇಗ ಬಿಡಲಿಲ್ಲ. ಒಂದು ಸಂಜೆ ಹಿರಿಸೊಸೆ ಬೇಯಿಸಿದ ಆಲೂಗಡ್ಡೆಯ ತುಂಡು ಹಿಡಿದು ಬಗ್ಗಿದಾಗ ಅಜ್ಜಿ ಕೈ ಹಿಡಿದಳು.

"ಕೊಡು, ಬೇಡ ಅನ್ನಲ್ಲ. ಆದ್ರೆ ಕೂಗಿ ಹೇಳಿ ಕೊಡು."

"ಯಾರಿಗೆ ಹೇಳ್ಲಿ?"

"ಯಾರಿಗೆ ಅಂತ ನಾನು ಹೇಳ್ಬೇಕಾ? ಏನು, ಎಷ್ಟು ಅಂತ ಹೇಳು. ಹೇಳದೆ ಕೊಡೋ ಹಾಗಿಲ್ಲ ಇನ್ಮೇಲೆ. ನಿಂಗೂ ಅಷ್ಟೆ, ಅವಳಿಗೂ ಅಷ್ಟೆ."

ಹಿರಿಸೊಸೆ ಆಲೂಗಡ್ಡೆ ಹಿಡಿದುಕೊಂಡು ನಿಂತಳು. ನಾಯಿ ಅವಳ ಕೈಯನ್ನೇ ನೋಡುತ್ತಿತ್ತು. ಕೊನೆಗೆ ಸೂರಿನ ಕಡೆ ಮುಖ ಮಾಡಿ ಕೂಗಿದಳು, "ಒಂದು ಆಲೂಗಡ್ಡೆ! ಅರ್ಧ!"

ಹಿಂದಿನ ಕೋಣೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತು.

"ಅರ್ಧ ಯಾಕೆ?" ಎಂದಿತು ಒಳಗಿನ ಧ್ವನಿ. "ನಾನೀಗ ತಾನೇ ಮೊಟ್ಟೆ ಕೊಡೋಣ ಅಂತಿದ್ದೆ. ಕಾಲು ಭಾಗ ಸಾಕಾಗಿತ್ತು."

"ಅಂತಿದ್ದೆ ಅಂದ್ರೆ ನಂಗೆ ಹೇಗೆ ಗೊತ್ತಾಗ್ಬೇಕು?"

"ಕೇಳಿದ್ರೆ ಗೊತ್ತಾಗುತ್ತೆ!"

"ಕೇಳೋಕೆ ನೀನು ಬಾಯಿ ಬಿಟ್ಟಿದ್ಯಾ ಇಷ್ಟು ತಿಂಗಳು?"

"ನೀವು ಬಿಟ್ಟಿದ್ರಾ ಅಕ್ಕ? ಆ ಕುಕ್ಕರು ಸುಟ್ಟ ದಿನ..."

"ಅದನ್ನ ಎತ್ತಬೇಡ! ವಿಸಿಲ್ಲು ಕೇಳಿಸ್ಲಿಲ್ವಾ ನಿಂಗೆ?"

"ಅಮ್ಮನ ಫೋನ್ ಬಂದಿತ್ತು ಅಕ್ಕ! ಅಪ್ಪ ಬಿದ್ದುಬಿಟ್ಟಿದ್ರು ಆವತ್ತು. ಕೇಳಿದ್ರಾ ಯಾರಾದ್ರೂ?"

ದೊಡ್ಡವಳು ಆ ಧ್ವನಿಯ ಕಡೆ ಒಂದು ಹೆಜ್ಜೆ ಇಟ್ಟಳು. "ಹೇಳಿದ್ರೆ ತಾನೆ ಕೇಳೋದು!" ಎಂದಳು ಮತ್ತೆ, ಮೊದಲಿಗಿಂತ ಜೋರಾಗಿ. ಚಿಕ್ಕವಳು ಒದ್ದೆ ಕೈಯಲ್ಲೇ ಪ್ಯಾಸೇಜಿಗೆ ಬಂದಳು. ಇಬ್ಬರೂ ಎದುರುಬದುರು ನಿಂತು, ಆಸ್ಪತ್ರೆ, ಅಪ್ಪ, ಕುಕ್ಕರು, ಮಾತ್ರೆ ಎಲ್ಲವನ್ನೂ ಒಟ್ಟಿಗೇ ಕೂಗಾಡಿದರು. ಅಜ್ಜಿ ತಡೆಯಲಿಲ್ಲ. ತನ್ನ ಸ್ಟೂಲಿನ ಪಕ್ಕ ತಟ್ಟೆ ಹಿಡಿದು ಉಣ್ಣುತ್ತಾ ಕೂತಳು.

ಅವಳು ನೋಡುತ್ತಿದ್ದದ್ದು ನಾಯಿಯನ್ನು. ದೊಡ್ಡವಳ ಕೈಯಲ್ಲಿ ಆಲೂಗಡ್ಡೆ ಇನ್ನೂ ಹಾಗೇ ಇತ್ತು. ಮಾತಿನ ಭರದಲ್ಲಿ ಕೈ ಮೇಲೆ ಕೆಳಗೆ ಆಡುತ್ತಿತ್ತು. ದೊರೆ ಮುಂಗಾಲು ಊರಿತು. ಹಿಂಭಾಗ ನಡುಗಿತು, ಕುಸಿಯಿತು. ಮತ್ತೆ ಊರಿತು. ರಬ್ಬರು ಚಾಪೆ ಉಗುರನ್ನು ಹಿಡಿದುಕೊಂಡಿತು. ಕುಂಯ್ ಎಂದು ಒಮ್ಮೆ ಅಂದು, ಸೊಂಟವನ್ನು ಓರೆಯಾಗಿ ಎತ್ತಿ, ಬಲಗಾಲು ನೆಲಕ್ಕೆ ತಾಗಿಯೂ ತಾಗದ ಹಾಗೆ ಇಟ್ಟುಕೊಂಡು ನಿಂತಿತು.

ಜಗಳವಾಡುವವರು ನೋಡಲಿಲ್ಲ. ಅಜ್ಜಿಯ ತುತ್ತು ಬಾಯಲ್ಲೇ ಉಳಿಯಿತು. ಅದನ್ನು ನುಂಗಿದಳು.

"ಎದ್ದ!" ಎಂದು ಕೂಗಿದಳು, ಮುಂದಿನ ಮನೆಗೂ ಹಿಂದಿನ ಮನೆಗೂ ಕೇಳುವ ಹಾಗೆ.

ಇಬ್ಬರೂ ತಿರುಗಿದರು.

"ಯಾರು ಎತ್ತಿದ್ದು?" ಎಂದಳು ಚಿಕ್ಕವಳು.

"ಯಾರೂ ಎತ್ತಿಲ್ಲ ಕಣ್ರೇ. ತಾನೇ ಎದ್ದ."

ಅಜ್ಜಿಯ ತಟ್ಟೆ ವಾಲಿ ಅನ್ನ ಸೀರೆಯ ಮೇಲೆ ಚೆಲ್ಲಿತ್ತು. ಅದನ್ನು ಒರೆಸಿಕೊಳ್ಳಲು ಸೆರಗು ಎತ್ತಿದಳು. ಅಷ್ಟು ವಾರ ಬಾರದ ಅಳು ಆಗ ಬಂತು.